ಕ್ಯಾಮೆರಾಕ್ಕೆ ಯಾರದಾದರೂ ಒಂದು ಕೈ ಬೇಕು

ಹಬೀಬುನ್ನೀಸಾಳ ಆತ್ಮಕಥೆಯನ್ನು ಸಿನಿಮಾ ಮಾಡುತ್ತೇವೆ ಅಂತ ಬೆಂಗಳೂರಿನಿಂದ ಬಂದವರು ಮೊದಲ ದಿನ ಕೇಳಿದ ಮೊದಲ ಪ್ರಶ್ನೆ ಇದು: "ಆಂಟಿ, ನಿಮ್ಮ ಹಸ್ಬೆಂಡು ಹೊಡೀತಿರಲಿಲ್ವಾ?"

"ಇಲ್ಲಪ್ಪ," ಅಂದಳು ಹಬೀಬಕ್ಕ. "ನಾನೇ ಒಂದ್ಸಲ ಹೊಡ್ದಿದ್ದೆ. ಪುಸ್ತಕದಲ್ಲಿ ಬರೀಲಿಲ್ಲ. ಸತ್ತೋರಿಗೂ ಒಂಚೂರು ಮರ್ಯಾದೆ ಇರ್ಲಿ ಅಂತ."

ಕೇಳಿದವನು ನಿರ್ಮಾಪಕ ಶ್ರೀಧರ್. ದೇವನಹಳ್ಳಿ ಕಡೆ ಲೇಔಟ್ ಮಾಡಿ ಮಾಡಿ ಬೇಜಾರಾಗಿ, ಈಗ ಕಲೆಯ ಕಡೆ ತಿರುಗಿದವನು. ಅವನ ಮುಖ ಸಪ್ಪಗಾಯಿತು. ಹೊಡೆಯುವ ಗಂಡನಿಲ್ಲದ ಮುಸ್ಲಿಂ ಹೆಂಗಸಿನ ಕಥೆ ಅವನಿಗೆ ಖಾತೆ ಇಲ್ಲದ ಸೈಟಿನ ಹಾಗೆ ಕಂಡಿರಬೇಕು.

"ಹೋಗ್ಲಿ, ಗಲಾಟೆ? ಕೋಮು ಗಲಾಟೆ ಏನಾದ್ರೂ?"

"ಇದೆಯಲ್ಲ. ಹದಿನೇಳನೇ ಪುಟ. ನಮ್ಮತ್ತೆ ಕುಕ್ಕರ್ ವಿಷಯಕ್ಕೆ ಮಾಡಿದ್ದು."

ನಾನು ಅಲ್ಲೇ ಗೋಡೆಗೊರಗಿ ಕೂತಿದ್ದೆ. ಇವರ ಮಾತು ಅರ್ಧ ಇಂಗ್ಲಿಷು, ನೀನು ಜೊತೆಗಿರು ರೈಟ್ರೇ ಅಂತ ಅವಳೇ ಕರೆಸಿದ್ದಳು. ನನ್ನ ಇಂಗ್ಲಿಷು ಹತ್ತನೇ ಕ್ಲಾಸಿನಲ್ಲಿ ಫೇಲಾದ ಇಂಗ್ಲಿಷು ಅನ್ನೋದು ಅವಳಿಗೆ ಗೊತ್ತಿತ್ತು. ಆದರೂ ಕರೆದಳು.

ಹಬೀಬಕ್ಕನನ್ನು ಅರಿಯದವರಿಗಾಗಿ ಹೇಳಿಬಿಡುತ್ತೇನೆ. ವಯಸ್ಸು ಅರವತ್ತೊಂದು. ದೊಡ್ಡಬಳ್ಳಾಪುರದಲ್ಲೇ ಹುಟ್ಟಿ ಅಲ್ಲೇ ಬೆಳೆದು ಅಲ್ಲೇ ಮದುವೆಯಾದವಳು. ಕನ್ನಡ ಸ್ಕೂಲಿನಲ್ಲಿ ಏಳನೇ ಕ್ಲಾಸು. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಗಂಡ ಕಲೀಮುಲ್ಲಾ ಮಗ್ಗಗಳ ರಿಪೇರಿ ಮಾಡುತ್ತಿದ್ದ. ರೇಡಿಯೋ ಕೇಳುತ್ತಾ ತನ್ನ ಬಟ್ಟೆ ತಾನೇ ಒಗೆದುಕೊಳ್ಳುವ ಸಾಧು ಮನುಷ್ಯ. ಹನ್ನೆರಡು ವರ್ಷದ ಹಿಂದೆ ತೀರಿಕೊಂಡ. ಮಗ ಫರಾಜ್ ಇನ್ಶೂರೆನ್ಸ್ ಆಫೀಸಿನಲ್ಲಿದ್ದಾನೆ.

ಅವಳ ಕಸುಬು ಅಚ್ಚು ಕೆಚ್ಚುವುದು. ಈ ಊರಿನ ಸೀರೆ ಉಟ್ಟುಕೊಂಡು ಮದುವೆಗೆ ಹೋಗುವ ನಿಮಗೆ ಇದು ಗೊತ್ತಿರುವುದಿಲ್ಲ, ಗೊತ್ತಿರಬೇಕು ಅಂತ ಯಾರೂ ಹೇಳಿಯೂ ಇಲ್ಲ. ಪವರ್‌ಲೂಮಿನ ಮೇಲಿರುವ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ನೇಯ್ದು ಮುಗಿಯುತ್ತಾ ಬಂದಾಗ, ಹಳೇ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ನಾಲ್ಕು ಸಾವಿರ ಚಿಲ್ಲರೆ ಎಳೆ. ಬೆರಳು ಜಾರದಿರಲಿ ಅಂತ ಒಲೆಯ ಬೂದಿ ಹಚ್ಚಿಕೊಂಡು ಕೂತರೆ ಏಳುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ, ಸೊಂಟವೂ ಹೋಗಿರುತ್ತದೆ. ಇಬ್ಬರು ಹೆಂಗಸರ ಕೆಲಸ ಇದು. ಒಬ್ಬಳು ಎಡಗಡೆ ಅಂಚಿನಿಂದ, ಇನ್ನೊಬ್ಬಳು ಬಲಗಡೆ ಅಂಚಿನಿಂದ ಶುರು ಮಾಡಿ ನಡುವಲ್ಲಿ ಸೇರುತ್ತಾರೆ. ಹದಿನೆಂಟು ವರ್ಷ ಎಡಗಡೆ ಕೂತವಳು ಹಬೀಬಕ್ಕ. ಬಲಗಡೆ ಕೂತವಳು ಕದಿರಮ್ಮ.

ಕದಿರಮ್ಮ ಸಾಸಲು ಕಡೆಯವಳು, ಹಬೀಬಕ್ಕನಿಗಿಂತ ಮೂರು ವರ್ಷ ಚಿಕ್ಕವಳು. ಊಟದ ಡಬ್ಬಿ, ಬಸುರಿತನ, ಗಂಡಂದಿರ ಮೇಲಿನ ದೂರು ಎಲ್ಲವನ್ನೂ ಹಂಚಿಕೊಂಡವರು. ಇಬ್ಬರ ನಡುವೆ ನಾಲ್ಕು ಸಾವಿರ ಎಳೆ ಬಿಟ್ಟರೆ ಬೇರೆ ಅಡ್ಡ ಇರಲಿಲ್ಲ.

ಈ ಹೆಂಗಸರಲ್ಲಿ ಒಂದು ಪದ್ಧತಿ. ಎಳೆ ತಪ್ಪಿದರೆ ಯಾರ ಕೈ ಅಂತ ಕೇಳುವುದಿಲ್ಲ, ಹೇಳುವುದೂ ಇಲ್ಲ. ಇಬ್ಬರೂ ಕೂತು ಬಿಚ್ಚುತ್ತಾರೆ, ಇಬ್ಬರೂ ಕೂತು ಮತ್ತೆ ಕೆಚ್ಚುತ್ತಾರೆ, ಮಾಲೀಕ ಬೈದರೆ ಇಬ್ಬರೂ ತಲೆ ತಗ್ಗಿಸುತ್ತಾರೆ. ಯೂನಿಯನ್ನು ಮಾಡಿದ ರೂಲ್ಸಲ್ಲ. ಯೂನಿಯನ್ನಿನವರು ಈ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡೇ ಇರಲಿಲ್ಲ, ಅವರ ಕ್ರಾಂತಿಯಲ್ಲಿ ಸೀಟು ಖಾಲಿ ಇರಲಿಲ್ಲ.

ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತವು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಕೈ ಖಾಲಿಯಾಗಿ, ಹಬೀಬಕ್ಕ ಮಗನ ಇನ್ಶೂರೆನ್ಸ್ ಡೈರಿಗಳಲ್ಲಿ ತನ್ನ ಕಥೆ ಬರೆಯತೊಡಗಿದಳು. ನಾಲ್ಕು ಡೈರಿ ತುಂಬಿತು. ಮದುವೆ ಕಾರ್ಡು ಹೊಡೆಯುವ ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಮಾಡಿಸಿದೆವು. 'ಬೂದಿ ಹಚ್ಚಿದ ಬೆರಳು' ಅಂತ ಹೆಸರು. ಮುನ್ನುಡಿ ಬರೆದವನು ಈ ಬಡಪಾಯಿಯೇ.

ಅದರ ಎಂಬತ್ನಾಲ್ಕನೇ ಪುಟವನ್ನು ನಾನು ಇದೇ ಅಂಕಣದಲ್ಲಿ ಹೊಗಳಿ ಹೊಗಳಿ ಬರೆದಿದ್ದೆ. ಎರಡು ಸಾವಿರದ ಒಂದನೇ ಇಸವಿ. ಆದಿನಾರಾಯಣಪ್ಪನ ಶೆಡ್ಡು, ದೊಡ್ಡ ಮದುವೆಯೊಂದರ ಆರ್ಡರು, ಬಣ್ಣಬಣ್ಣದ ಪಟ್ಟಿ ಇರುವ ಹಾಸು. ಎಲ್ಲೋ ಎರಡು ಎಳೆ ಅದಲುಬದಲಾಗಿ, ಏಳು ಸೀರೆಯ ಉದ್ದಕ್ಕೂ ಬಲಗಡೆ ಒಂದು ಗೀರು, ಕೂದಲು ಬಿದ್ದ ಹಾಗೆ. ಆಮೇಲೆ ಹಬೀಬಕ್ಕ ಬರೆದದ್ದು ಇಷ್ಟು: 'ಯಾರ ಕೈ ತಪ್ಪಿತು ಅಂತ ನಾವು ಕೇಳಲಿಲ್ಲ. ನಮ್ಮಲ್ಲಿ ಕೇಳುವುದಿಲ್ಲ. ಮಾಲೀಕರು ಕದಿರಮ್ಮನನ್ನು ಬರಬೇಡ ಅಂದರು. ಅವಳು ಸಾಸಲಿಗೆ ಹೋದಳು.' ಅಷ್ಟೇ. ಮುಂದಿನ ಪುಟದಲ್ಲಿ ಫರಾಜನ ಹತ್ತನೇ ಕ್ಲಾಸಿನ ಫಲಿತಾಂಶ.

ಇದನ್ನೇ ನಾನು ಶ್ರಮಿಕರ ಒಗ್ಗಟ್ಟಿನ ಪರಮಪದ ಅಂತೆಲ್ಲ ಬರೆದಿದ್ದೆ. ಒಬ್ಬಳು ಉಳಿದಳು, ಒಬ್ಬಳು ಹೋದಳು, ಇದೆಂಥ ಒಗ್ಗಟ್ಟು ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ಚೆನ್ನಾಗಿರುವ ವಾಕ್ಯ ಕಂಡರೆ ನಮ್ಮಂಥವರ ಮಿದುಳು ರಜೆ ಹಾಕುತ್ತದೆ.

ಸಿನಿಮಾದ ಮಾತಿಗೆ ಬರುತ್ತೇನೆ. ನಿರ್ದೇಶಕಿ ಸಂಘಮಿತ್ರ. ಮೂವತ್ತು ಮೂವತ್ತೆರಡು ಇರಬಹುದು. ಯಾವುದೋ ಪುಸ್ತಕ ಮೇಳದಲ್ಲಿ ನಮ್ಮ ಪುಸ್ತಕ ಸಿಕ್ಕಿ, ಓದಿ, ಅತ್ತಳಂತೆ. ಅಳುವ ನಿರ್ದೇಶಕರ ಬಗ್ಗೆ ನನಗೆ ಗುಮಾನಿ ಇತ್ತು. ಆದರೆ ಆ ಹುಡುಗಿ ನಾಲ್ಕು ದಿನ ಬಂದು ಶೆಡ್ಡಿನಲ್ಲಿ ನೆಲದ ಮೇಲೆ ಕೂತು ಕೆಚ್ಚುವುದನ್ನು ಕಲಿತಳು. ನೂರು ಎಳೆಗೆ ಅವಳ ಬೆನ್ನು ಬಿದ್ದುಹೋಯಿತು. ಐದನೇ ದಿನ ಮತ್ತೆ ಬಂದಳು. ಅವತ್ತಿಂದ ನನ್ನ ಗುಮಾನಿಯನ್ನು ಪೂರ್ತಿ ಶ್ರೀಧರನ ಕಡೆಗೆ ತಿರುಗಿಸಿದೆ.

ಅವನು ಮೊದಲು ಪವರ್‌ಲೂಮೇ ಬೇಡ ಅಂದ. ಸದ್ದು ಜಾಸ್ತಿ, ನೋಡೋಕೆ ಫ್ಯಾಕ್ಟರಿ ಥರ. ಕೈಮಗ್ಗ ಹಾಕೋಣ, ಪಕ್ಕದಲ್ಲಿ ಒಂದು ಚರಕ, ಕಿಟಕಿಯಿಂದ ಬಿಸಿಲು.

"ಕೈಮಗ್ಗದಲ್ಲಿ ನಾನು ಕೆಲಸ ಮಾಡಿಲ್ಲಪ್ಪ," ಅಂದಳು ಹಬೀಬಕ್ಕ.

"ಆಡಿಯನ್ಸಿಗೆ ಏನು ಗೊತ್ತಾಗುತ್ತೆ ಆಂಟಿ."

"ನಮ್ಮೂರಲ್ಲೇ ನಾಲ್ಕು ಥೇಟರಿನಷ್ಟು ಜನ ನೇಕಾರರಿದ್ದಾರೆ. ಸ್ಕ್ರೀನಿಗೆ ಲಾಳಿಯಲ್ಲಿ ಹೊಡೀತಾರೆ."

ಆಮೇಲೆ ಭಾಷೆ. ಶ್ರೀಧರನ ಆಸೆ, ಹೀರೋಯಿನ್ ಕನ್ನಡವನ್ನು ಸ್ವಲ್ಪ ತಿರುಚಿ ಮುರುಚಿ ಮಾತಾಡಲಿ, 'ಸಾಬರ ಕನ್ನಡ' ಇರುತ್ತಲ್ಲ, ಕಾಮಿಡಿ ತಾನಾಗೇ ಬರುತ್ತೆ. ಹಬೀಬಕ್ಕ ಅವನನ್ನೇ ನೋಡಿದಳು.

"ಈಗ ನಾನು ಮಾತಾಡ್ತಿರೋದು ನಿಂಗೆ ಅರ್ಥ ಆಗ್ತಾ ಇದೆಯಾ?"

"ಆಗ್ತಿದೆ ಆಂಟಿ."

"ನೀನು ಮಾತಾಡೋದು ನಂಗೆ ಅರ್ಧ ಆಗ್ತಿಲ್ಲ. ಹಾಗಿದ್ರೆ ಕಾಮಿಡಿ ಯಾರದು?"

ರಾಜಘಟ್ಟದಲ್ಲಿ ನೆಲ ಅಗೆದಾಗ ಬೌದ್ಧರ ಕಾಲದ ಇಟ್ಟಿಗೆ ಸಿಕ್ಕ ಜಾಗವಿದೆ. ಅಲ್ಲೊಂದು ಹಾಡು ಇಡೋಣ ಅಂದ. ಯಾಕಪ್ಪಾ ಅಂದರೆ, ಬ್ಯಾಕ್‌ಗ್ರೌಂಡ್ ಹಳೇದಾಗಿ ಕಾಣುತ್ತೆ ಅಂದ. ಹೀಗೆ ಒಂದು ತಿಂಗಳು ಹೋಯಿತು. ಪ್ರತಿಯೊಂದಕ್ಕೂ ಸಂಘಮಿತ್ರ ಅವನ ಜೊತೆ ಜಗಳವಾಡಿ ಅರ್ಧ ಗೆಲ್ಲುತ್ತಿದ್ದಳು. ಪವರ್‌ಲೂಮು ಉಳಿಯಿತು. ಕನ್ನಡ ಉಳಿಯಿತು. ಹಾಡು ಮಾತ್ರ ರಾಜಘಟ್ಟಕ್ಕೆ ಹೋಯಿತು.

ಆಮೇಲೆ ಎಂಬತ್ನಾಲ್ಕನೇ ಪುಟ ಬಂತು.

"ಅಮ್ಮ," ಅಂದಳು ಸಂಘಮಿತ್ರ, "ಇಲ್ಲಿ ಎಳೆ ತಪ್ಪಿದ್ದು ಯಾರ ಕೈಲಿ?"

"ಬರ್ದಿದ್ದೀನಲ್ಲ. ನಮ್ಮಲ್ಲಿ ಕೇಳಲ್ಲ."

"ಪುಸ್ತಕದಲ್ಲಿ ಸರಿ ಅಮ್ಮ. ನಾನು ಕ್ಯಾಮೆರಾ ಎಲ್ಲಿ ಇಡ್ಲಿ?"

ನನಗೆ ಆಗಲೇ ಹೊಳೆಯಬೇಕಿತ್ತು. ಬರೆಯುವವರಿಗೆ ಇರುವ ಸವಲತ್ತು ಇದು. ಎಳೆ ತಪ್ಪಿತು ಅಂತ ಬರೆದು ದಾಟಿಬಿಡಬಹುದು, ಓದುವವನು ಕಣ್ಣು ಒರೆಸಿಕೊಂಡು ಪುಟ ತಿರುಗಿಸುತ್ತಾನೆ. ತೆರೆಯ ಮೇಲೆ ಎಳೆ ತಾನಾಗಿ ತಪ್ಪುವುದಿಲ್ಲ. ಒಂದು ಬೆರಳು ಬೇಕು, ಆ ಬೆರಳಿಗೊಂದು ಕೈ, ಆ ಕೈಗೊಂದು ಬಳೆ, ಬಳೆ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ.

"ಇದ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಾ?" ಅಂದ ಶ್ರೀಧರ್. "ಗೀರು ಬಲಗಡೆ ಅಂತ ಪುಸ್ತಕದಲ್ಲೇ ಇದೆ. ಬಲಗಡೆ ಕೂತಿದ್ದು ಯಾರು, ಕದಿರಮ್ಮ. ಮುಗೀತು. ಹೀರೋಯಿನ್‌ಗೆ ಗೊತ್ತಿದ್ದೂ ಫ್ರೆಂಡ್‌ನ ಬಿಟ್ಟುಕೊಡಲ್ಲ. ಸೂಪರ್ ಸೀನು ಗುರು, ಇಂಟರ್‌ವಲ್ ಅಲ್ಲೇ."

ಸಂಘಮಿತ್ರ ಹಬೀಬಕ್ಕನ ಮುಖ ನೋಡಿದಳು. "ಸರೀನಾ ಅಮ್ಮ?"

ಹಬೀಬಕ್ಕ ಎದ್ದಳು. ಚಹಾ ತರ್ತೀನಿ ಅಂತ ಒಳಗೆ ಹೋದಳು. ಅರ್ಧ ಗಂಟೆ ಬರಲಿಲ್ಲ. ಚಹಾಕ್ಕೆ ಅರ್ಧ ಗಂಟೆ ಬೇಕಿಲ್ಲ ಅಂತ ಗಮನಿಸುವವನು ನಾನಲ್ಲ, ಯಾಕೆಂದರೆ ನಾನಾಗ ಶ್ರೀಧರನಿಗೆ ಕಾರ್ಮಿಕ ಚಳವಳಿಯ ಬಗ್ಗೆ ಭಾಷಣ ಮಾಡುತ್ತಿದ್ದೆ.

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಪೂರ್ತಿ ಸ್ಕ್ರಿಪ್ಟನ್ನು ಓದಿ ಹೇಳುವುದು ಅಂತಾಯಿತು. ಅದಾದ ಮೇಲೆ ಹಬೀಬಕ್ಕ ಒಪ್ಪಂದಕ್ಕೆ ಸಹಿ ಹಾಕಬೇಕು. ಹಬೀಬಕ್ಕನ ಮನೆಯ ಹಾಲಿನಲ್ಲಿ ಚಾಪೆ ಹಾಸಿದ್ದರು. ಆದಿನಾರಾಯಣಪ್ಪ ಬಂದಿದ್ದ, ಶೂಟಿಂಗಿಗೆ ಅವನ ಹಳೇ ಶೆಡ್ಡೇ ಬೇಕಿತ್ತು. ಸಾಸಲಿನಿಂದ ಬಸ್ಸಿಗೆ ಕದಿರಮ್ಮ ಬಂದಳು, ಕೈಯಲ್ಲಿ ಸೊಗಡವರೆಕಾಯಿ ತುಂಬಿದ ಚೀಲ. ಅವಳೀಗ ಅಲ್ಲಿ ಶಾಲೆಯ ಬಿಸಿಯೂಟದ ಅಡುಗೆಯವಳು. ಚೀಲವನ್ನು ಹಬೀಬಕ್ಕನ ಕೈಗೆ ಕೊಟ್ಟು, "ಸೊಗಡು ಚೆನ್ನಾಗೈತೆ ಕಣಕ್ಕ, ಇವತ್ತೇ ಸಾರು ಮಾಡು" ಅಂದಳು. ಇಪ್ಪತ್ನಾಲ್ಕು ವರ್ಷದಲ್ಲಿ ಇಬ್ಬರೂ ವರ್ಷಕ್ಕೆರಡು ಸಲ ಹೀಗೆ ಭೇಟಿಯಾಗುತ್ತಿದ್ದರು, ಹಬ್ಬಕ್ಕೊಮ್ಮೆ, ಅವರೆಕಾಯಿಗೊಮ್ಮೆ.

ಸಂಘಮಿತ್ರ ಕೈ ಆಡಿಸುತ್ತಾ ಕಥೆ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಅತ್ತೆಯ ಕುಕ್ಕರ್ ಗಲಾಟೆಗೆ ಎಲ್ಲರೂ ನಕ್ಕರು. ಕಲೀಮುಲ್ಲಾ ರೇಡಿಯೋ ಕೇಳುವ ಸೀನಿಗೆ ಫರಾಜ್ ಎದ್ದು ಆಚೆ ಹೋಗಿ ಬಂದ. ಆಮೇಲೆ ಶೆಡ್ಡಿನ ಸೀನು ಬಂತು. ಸಂಜೆ ಹೊತ್ತು, ಕರೆಂಟಿಲ್ಲ. ಬಲಗಡೆ ಕೂತ ಹೆಂಗಸು ತೂಕಡಿಸುತ್ತಾಳೆ. ಅವಳ ಬೆರಳಿನ ಕ್ಲೋಸಪ್. ಎರಡು ಎಳೆ ಅಡ್ಡಡ್ಡ ಬೀಳುತ್ತವೆ. ಎಡಗಡೆಯವಳು ಅದನ್ನು ನೋಡುತ್ತಾಳೆ, ಮಾತಾಡುವುದಿಲ್ಲ. ಮ್ಯೂಸಿಕ್.

ಮೊದಲು ಗಂಟಲು ಸರಿ ಮಾಡಿಕೊಂಡವನು ಆದಿನಾರಾಯಣಪ್ಪ.

"ಒಂದು ಮಾತು. ನಾನು ಕೆಲಸದಿಂದ ತೆಗೀಲಿಲ್ಲ. ನಾಳೆಯಿಂದ ಬರಬೇಡ ಅಂದೆ, ಅಷ್ಟೇ. ಸಿನಿಮಾದಲ್ಲಿ ಅದು ಕ್ಲಿಯರಾಗಿ ಬರ್ಲಿ."

"ಏನು ಕದಿರಮ್ಮ, ಹೆಂಗಿದೆ?" ಅಂದ ಶ್ರೀಧರ್.

ಕದಿರಮ್ಮ ಸೆರಗಿನ ತುದಿ ಸುತ್ತುತ್ತಿದ್ದಳು. "ಚೆನ್ನಾಗೈತೆ ಸಾಮಿ. ಹಂಗೇ ಆಗಿರ್ಬೇಕು. ತೂಕಡಿಸಿದ್ದು ನಂಗೆ ಗ್ಯಾನ ಇಲ್ಲ, ಆದ್ರೆ ಕೈ ತಪ್ಪೈತಲ್ಲ. ಅವತ್ತಿಂದ ನಾನು ಎಲ್ಲೂ ಕೆಚ್ಚಲಿಲ್ಲ. ನಮ್ಮೂರ ಕಡೆ ಎರಡು ಶೆಡ್ಡಾಯ್ತು, ಕರೆದ್ರು, ಹೋಗ್ಲಿಲ್ಲ. ಈ ಕೈ ಮ್ಯಾಲೆ ನಂಬ್ಕೆ ಓಯ್ತು. ಈಗ್ಲೂ ಮಕ್ಕಳ ಸಾರಿಗೆ ಉಪ್ಪು ಹಾಕಿ, ಇನ್ನೊಬ್ಬಳ ಕೈಲಿ ರುಚಿ ನೋಡಿಸ್ತೀನಿ."

ಇದನ್ನು ಅವಳು ನಗುತ್ತಾ ಹೇಳಿದಳು. ಹಬೀಬಕ್ಕ ಒಪ್ಪಂದದ ಕಾಗದ ಹಿಡಿದುಕೊಂಡು ಕೂತಿದ್ದಳು. ಅದನ್ನು ಚಾಪೆಯ ಮೇಲೆ ಇಟ್ಟಳು.

"ಕದ್ರಿ, ಅವತ್ತು ನೀನು ಎದ್ದು ಹೋಗಿದ್ದೆ."

"ಎಲ್ಲಿಗೆ?"

"ಒಂದಕ್ಕೆ."

ಇಲ್ಲಿ ನಾನು ಕಥೆ ನಿಲ್ಲಿಸಿ ಬೈಯಲೇಬೇಕು. ಆದಿನಾರಾಯಣಪ್ಪನಿಗೆ ಆಗ ಮೂರು ಶೆಡ್ಡು, ನಲವತ್ತು ಮಗ್ಗ. ಮೂರಕ್ಕೂ ಸೇರಿ ಒಂದು ಕಕ್ಕಸಿರಲಿಲ್ಲ. ಗಂಡಸರು ಕಾಂಪೌಂಡಿನ ಗೋಡೆ ನೋಡಿಕೊಳ್ಳುತ್ತಿದ್ದರು. ಹೆಂಗಸರು ಗೋಡೌನ್ ಹಿಂದೆ, ನೀಲಗಿರಿ ತೋಪು ದಾಟಿ, ಯಾರೂ ಇಲ್ಲದಾಗುವ ತನಕ ಕಾದು, ಹೋಗಿ ಬರಬೇಕು. ಇಪ್ಪತ್ತು ನಿಮಿಷ. ಅದಕ್ಕೇ ಬೆಳಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಸೀರೆಯಲ್ಲಿ ಒಂದು ಗೀರು ಕಂಡದ್ದಕ್ಕೆ ರೇಗಿದವನಿಗೆ ಹದಿನೆಂಟು ವರ್ಷ ಇದು ಕಾಣಲಿಲ್ಲ. ಮೂರು ಶೆಡ್ಡಿಗೂ ದೇವರ ಫೋಟೋ ಮಾತ್ರ ಮರೆಯದೆ ಹಾಕಿಸಿದ್ದ.

"ನೀನು ಬರೋ ತನಕ ನಾನು ನಿನ್ನ ಜಾಗದಲ್ಲಿ ಕೂತು ಒಂದು ಗೇಣು ಕೆಚ್ಚಿದೆ," ಅಂದಳು ಹಬೀಬಕ್ಕ. "ದಿನಾ ಮಾಡ್ತಿದ್ವಲ್ಲ, ನಂಗೆ ನೀನು, ನಿಂಗೆ ನಾನು. ಅವತ್ತು ಕರೆಂಟಿರಲಿಲ್ಲ. ಗೀರು ಬಿದ್ದಿದ್ದು ಆ ಗೇಣಲ್ಲೇ."

"ಅದೆಂಗೆ ಗೊತ್ತು ನಿಂಗೆ? ಅಂದಾಜ್ಮೇಲೆ ಹೇಳ್ಬ್ಯಾಡ."

"ಅಂದಾಜಲ್ಲ. ನೀನು ಒಳಕ್ಕೆ ಹೊಸೀತೀಯ, ನಾನು ಹೊರಕ್ಕೆ. ಈ ಮಾಲೀಕರು ಸೀರೆ ಎತ್ತಿ ಹಿಡಿದು ಕೂಗಾಡ್ತಿದ್ದಾಗ ನಾನು ಮಗ್ಗದ ಕೆಳಗೆ ಕತ್ತರಿಸಿ ಬಿದ್ದಿದ್ದ, ನಾವು ಕೆಚ್ಚಿದ ತುಂಡು ಹುಡುಕಿ ತೆಗೆದೆ. ಆ ಎರಡು ಎಳೆ ಹೊರಕ್ಕೆ ಹೊಸೆದಿದ್ದವು. ಸೊಂಟಕ್ಕೆ ಸಿಕ್ಕಿಸ್ಕೊಂಡು ಮನೆಗೆ ಹೋಗಿ ಒಲೆಗೆ ಹಾಕಿದೆ."

ಶ್ರೀಧರ್ ನಿಧಾನಕ್ಕೆ ಫೋನು ತೆಗೆದು ರೆಕಾರ್ಡಿಗೆ ಇಟ್ಟ. ಸಂಘಮಿತ್ರ ಅದನ್ನು ಕಿತ್ತುಕೊಂಡು ಮುಖ ಕೆಳಗೆ ಮಾಡಿ ಇಟ್ಟಳು.

"ಒಲೆಗಾ," ಅಂದಳು ಕದಿರಮ್ಮ.

"ಹೂಂ."

"ಹೇಳ್ಬೋದಿತ್ತಲ್ಲ. ಅವತ್ತಲ್ದಿದ್ರೂ, ಒಂದು ವಾರ ಬಿಟ್ಟು."

"ಕಲೀಮುಗೆ ಕೆಲಸ ಇರ್ಲಿಲ್ಲ. ಇಬ್ರಲ್ಲಿ ಒಬ್ಬರನ್ನ ಕಳಿಸ್ತಾರೆ ಅಂತ ಗೊತ್ತಿತ್ತು. ಆಮೇಲೆ ನಮ್ಮಲ್ಲಿ ಯಾರೂ ಕೇಳಲ್ಲ ಅಂತ ಒಂದು ಇತ್ತಲ್ಲ. ಅದರ ಹಿಂದೆ ನಿಂತ್ಕೊಂಡೆ."

ಕದಿರಮ್ಮ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಅಂಗೈ, ಹಿಂಗೈ, ಮತ್ತೆ ಅಂಗೈ. ಎದ್ದಳು. ಅಡುಗೆಮನೆಗೆ ಹೋಗಿ ಅವರೆಕಾಯಿ ಚೀಲ ವಾಪಸ್ ತಂದಳು. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಹಿಂದೆ ಹೋದ ಹಬೀಬಕ್ಕನಿಗೆ ತಿರುಗಿ ಹೇಳಿದ್ದು ಒಂದೇ ಮಾತು: "ಪುಸ್ತಕದಲ್ಲಿ ಕುಕ್ಕರ್ ವಿಷ್ಯ ಬರೆಯೋಕೆ ಜಾಗ ಇತ್ತು."

ಹಾಲಿನಲ್ಲಿ ಮೊದಲು ಚೇತರಿಸಿಕೊಂಡವನು ಶ್ರೀಧರ್, ರಿಯಲ್ ಎಸ್ಟೇಟಿನವರು ಯಾವಾಗಲೂ ಮೊದಲು ಚೇತರಿಸಿಕೊಳ್ಳುತ್ತಾರೆ. "ಎಮೋಷನಲ್ ಓಕೆ. ಆದ್ರೆ ಹೀರೋಯಿನ್ನೇ ತಪ್ಪು ಮಾಡಿ ಫ್ರೆಂಡ್ ಕೆಲಸ ಕಳೆದ್ರೆ ಜನ ಒಪ್ಪಲ್ಲ ಆಂಟಿ. ಒಂದು ಕೆಲಸ ಮಾಡೋಣ. ಯಾರ ಕೈನೂ ಬೇಡ. ಇಲಿ ಕಡಿದಿದ್ದು ಅಂತ ಮಾಡೋಣ. ಗ್ರಾಫಿಕ್ಸಲ್ಲಿ ಇಲಿ ಬರುತ್ತೆ."

ನನಗೆ ಗೊತ್ತಿರುವ ಬೈಗುಳಗಳಲ್ಲಿ ಯಾವುದನ್ನು ಬಳಸಲಿ ಅಂತ ಆರಿಸುತ್ತಿದ್ದೆ. ಹಬೀಬಕ್ಕ ಅಷ್ಟರಲ್ಲಿ ಬಾಗಿಲಿನಿಂದ ಒಳಗೆ ಬಂದಳು.

"ತಪ್ಪೋದು ನನ್ನ ಕೈ," ಅಂದಳು. "ಕ್ಯಾಮೆರಾ ಅಲ್ಲೇ ಇಡು. ಅವಳು ನೀಲಗಿರಿ ತೋಪಿಗೆ ಹೋಗೋದನ್ನೂ ತೆಗಿ, ಒಲೆನೂ ತೆಗಿ. ಆಗಲ್ಲ ಅಂದ್ರೆ ಇಲಿ ಹತ್ರ ಸಹಿ ಹಾಕಿಸ್ಕೊ."

"ನಾನು ತೆಗೀತೀನಿ ಅಮ್ಮ," ಅಂದಳು ಸಂಘಮಿತ್ರ.

"ಯಾರ ದುಡ್ಡಲ್ಲಿ?" ಅಂದ ಶ್ರೀಧರ್.

ಅಲ್ಲಿಗೆ ಸಿನಿಮಾ ನಿಂತಿತು. ಶ್ರೀಧರ್ ಈಗ ಪೌರಾಣಿಕ ಮಾಡುತ್ತಿದ್ದಾನಂತೆ, ಅದರಲ್ಲಿ ಯಾರ ಕೈ ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ನಾಲ್ಕಿರುತ್ತವೆ. ಸಂಘಮಿತ್ರ ಬೇರೆ ಯಾರನ್ನೋ ಹುಡುಕುತ್ತಿದ್ದಾಳೆ. ಸಿಕ್ಕರೆ ಸಂತೋಷ. ಸಿಗುತ್ತಾರೆ ಅಂತ ನಾನು ಕಾದು ಕೂತಿಲ್ಲ. ಫರಾಜನಿಗೆ ಮಾತ್ರ ಇನ್ನೂ ಸಂಕಟ. ಪೋಸ್ಟರಿನಲ್ಲಿ ತಾಯಿ ಹೆಸರು ಬರುತ್ತೆ ಅಂತ ಆಫೀಸಿನಲ್ಲೆಲ್ಲ ಹೇಳಿಕೊಂಡಿದ್ದ. "ಅಮ್ಮೀ, ಇಪ್ಪತ್ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೆ, ಇನ್ನರ್ಧ ಗಂಟೆ ಮುಚ್ಕೊಂಡಿರೋಕೆ ಆಗ್ಲಿಲ್ವಾ?" ಅಂದ.

"ಅದೇ ಆಗ್ಲಿಲ್ಲ ಬೇಟಾ," ಅಂದಳು. "ಅವಳು ಉಪ್ಪಿನ ವಿಷಯ ಹೇಳದೇ ಇದ್ದಿದ್ರೆ ಆಗ್ತಿತ್ತೇನೋ."

ಹಬೀಬಕ್ಕ ಸಾಸಲಿಗೆ ಹೋದಳು. ಶಾಲೆಯ ಅಡುಗೆಮನೆಯ ಮುಂದೆ ನಿಂತಳು. ಕದಿರಮ್ಮ ಹೊರಗೆ ಬರಲಿಲ್ಲ, ಇನ್ನೊಬ್ಬ ಅಡುಗೆಯವಳು ಲಕ್ಕಮ್ಮನ ಕೈಲಿ "ಅನ್ನ ಸೀದೋಗುತ್ತೆ, ಆಮ್ಯಾಕೆ ಬರಾಕೆ ಹೇಳು" ಅಂತ ಹೇಳಿಸಿದಳು. ಮುಂದಿನ ವಾರ ಹೋದಾಗ ಅದೂ ಇಲ್ಲ. ಮೂರನೇ ಸಲ ನನ್ನನ್ನು ಕರೆದುಕೊಂಡು ಹೋದಳು. ಯಾಕೆ ಅಂದರೆ, "ನೀನಿದ್ರೆ ಅವಳಿಗೆ ಬೈಯೋಕೆ ಇನ್ನೊಬ್ಬ ಸಿಗ್ತಾನೆ, ಹೊರಗೆ ಬರ್ತಾಳೆ" ಅಂದಳು. ಸರಿಯಾಗಿಯೇ ಲೆಕ್ಕ ಹಾಕಿದ್ದಳು.

ಕದಿರಮ್ಮ ಕೈ ಒರೆಸಿಕೊಳ್ಳುತ್ತಾ ಬಂದವಳು ಸೀದಾ ನನ್ನನ್ನೇ ಕೇಳಿದಳು. "ಆ ಪುಸ್ತಕ ಎಷ್ಟು ಜನ ಓದವ್ರೆ?"

"ಮುನ್ನೂರು ಕಾಪಿ. ಇನ್ನೂರರ ಹತ್ತಿರ ಹೋಗಿದೆ."

"ಅಂಗಾದ್ರೆ ಇನ್ನೂರು ಮನೇಲಿ ನನ್ನ ಕೈ ಸರಿ ಇಲ್ಲ ಅಂತ ಐತೆ."

"ಹಾಗೆ ಬರ್ದಿಲ್ಲ ಕದ್ರಿ," ಅಂದಳು ಹಬೀಬಕ್ಕ.

"ಬಲಗಡೆ ಅಂತ ಬರ್ದೆಯಂತಲ್ಲ. ನಾನು ಸಾಸಲಿಗೆ ಓದೆ ಅಂತ ಬರ್ದೆಯಂತಲ್ಲ. ಇನ್ನೇನು ಬರೀಬೇಕು. ಸಿನಿಮಾದೋನು ಅದನ್ನೇ ಓದಿ ತಾನೇ ನನ್ನ ತೂಕಡಿಸ್ದೋಳು ಮಾಡಿದ್ದು." ಆಮೇಲೆ ನನಗೆ: "ಏನಪ್ಪಾ, ನೀನು ಮುಂದೆ ನಾಲ್ಕು ಪುಟ ಹೊಗಳಿ ಬರ್ದಿದ್ದೀಯಂತೆ. ಒಂದು ದಿನ ಸಾಸಲಿಗೆ ಬಂದು ನನ್ನ ಕೇಳೋಕೆ ಬಸ್ಸಿರ್ಲಿಲ್ವಾ?"

ಬಸ್ಸಿತ್ತು. ದಿನಕ್ಕೆ ಆರಿದೆ.

"ಪೆನ್ನೈತಾ?" ಅಂದಳು. "ಬರ್ಕೋ."

ಶಾಲೆಯ ಜಗುಲಿಯ ಮೇಲೆ ಕೂತು ಅವಳು ಹೇಳಿದ್ದನ್ನು ನಾನು ಬರೆದುಕೊಂಡೆ. ಅಭ್ಯಾಸಬಲ, 'ಒಂದಕ್ಕೆ' ಅಂದದ್ದನ್ನು 'ಶೌಚಕ್ಕೆ' ಅಂತ ಮಾಡಿ ಓದಿದೆ. "ಒಂದಕ್ಕೆ ಅಂತ್ಲೇ ಬರಿ, ನಾನು ಓಗಿದ್ದು ಒಂದಕ್ಕೇ," ಅಂದಳು. ಕೊನೆಗೆ ಹಬೀಬಕ್ಕ, ಕೆಳಗೆ ಕ್ಷಮಿಸು ಅಂತ ನನ್ನ ಸಹಿ ಹಾಕ್ತೀನಿ ಅಂದಳು. ಕದಿರಮ್ಮ ಬೇಡ ಅಂದಳು.

"ಅದು ಓದೋರಿಗೆ ಚೆನ್ನಾಗಿರ್ತೈತೆ. ನಿನ್ನ ಒಳ್ಳೆಯೋಳು ಅಂತಾರೆ. ನಂಗೆ ಅದು ಬ್ಯಾಡ. ಇದು ಸಾಕು."



ಪುಸ್ತಕದ ಆ ಪುಟಕ್ಕೆ ಅಂಟಿಸಲು ಮದುವೆ ಕಾರ್ಡಿನ ಪ್ರೆಸ್ಸಿನಲ್ಲೇ ಚೀಟಿ ಮಾಡಿಸಿದ್ದೇವೆ. ಅಲ್ಲಿಯ ಹುಡುಗಿ ಅಕ್ಷತ ಅಂಚಿಗೆ ಬಂಗಾರದ ಬಳ್ಳಿ ಇಟ್ಟುಕೊಟ್ಟಿದ್ದಳು, ತೆಗೆಸಿದೆವು. ಚೀಟಿಯಲ್ಲಿರುವುದು ಇಷ್ಟು:

'ಪುಟ ಎಂಬತ್ನಾಲ್ಕು. ಅವತ್ತು ನಾನು ಒಂದಕ್ಕೆ ಹೋಗಿದ್ದೆ. ಆದಿನಾರಾಯಣಪ್ಪನ ಶೆಡ್ಡಲ್ಲಿ ಕಕ್ಕಸು ಇರಲಿಲ್ಲ. ಬರೋ ಹೊತ್ತಿಗೆ ಹಬೀಬಕ್ಕ ನನ್ನ ಕಡೆಯದೂ ಒಂದು ಗೇಣು ಕೆಚ್ಚಿದ್ದಳು. ತಪ್ಪಿದ್ದು ಅವಳ ಕೈ. ಗೊತ್ತಿದ್ದೂ ಹೇಳಲಿಲ್ಲ. ನನ್ನ ಕೈ ನೆಟ್ಟಗಿತ್ತು. ಹೇಳಿ ಬರೆಸಿದವಳು ಕದಿರಮ್ಮ, ಸಾಸಲು.'

ಹಬೀಬಕ್ಕ ಈಗ ಆ ಇನ್ನೂರು ಪುಸ್ತಕಗಳ ಹಿಂದೆ ಬಿದ್ದಿದ್ದಾಳೆ. ಯಾರಿಗೆ ಕೊಟ್ಟೆ, ಯಾರು ಕೊಂಡರು, ಯಾರು ಓದದೆ ಶೋಕೇಸಿನಲ್ಲಿಟ್ಟರು, ಮನೆ ಮನೆಗೆ ಹೋಗಿ ಕೇಳುತ್ತಾಳೆ. ಕೆಲವರು ಚೀಟಿ ಓದಿ ಅವಳ ಮುಖ ನೋಡುತ್ತಾರೆ, ಅವಳು ನೋಡಿಸಿಕೊಳ್ಳುತ್ತಾಳೆ. ನಲವತ್ತಾರು ಸಿಕ್ಕಿವೆ. ಆದಿನಾರಾಯಣಪ್ಪನ ಮನೆಯಲ್ಲೂ ಒಂದಿದೆ, ಇನ್ನೂ ಕೊಟ್ಟಿಲ್ಲ, ಹುಡುಕ್ತೀನಿ ಅಂತಾನೆ.

ಇಬ್ಬರೂ ಮೊದಲಿನ ಹಾಗಾದರಾ ಅಂತ ಕೇಳಬೇಡಿ, ಆಗಿಲ್ಲ. ಈ ವರ್ಷ ಅವರೆಕಾಯಿ ಬರಲಿಲ್ಲ. ಮಗ್ಗಕ್ಕೂ ಈಗ ಎಳೆ ಗಂಟು ಹಾಕುವ ಮಿಷನ್ನು ಬಂದಿದೆ, ಕದಿರಮ್ಮ ಮತ್ತೆ ಹೋಗಿ ಕೂರುವ ಜಾಗ ಅಲ್ಲಿ ಉಳಿದಿಲ್ಲ. ಆದರೆ ಕಳೆದ ಶನಿವಾರ ಅವಳು ಸ್ಕೂಲು ಬಿಟ್ಟ ಮೇಲೆ ಬಸ್ ಹತ್ತಿ ಪ್ರೆಸ್ಸಿಗೆ ಬಂದಳು. ಹಬೀಬಕ್ಕ ಚೀಟಿಗಳಿಗೆ ಗೋಂದು ಹಚ್ಚಿ ಉಳಿದ ಪುಸ್ತಕಗಳಿಗೆ ಅಂಟಿಸುತ್ತಾ ಕೂತಿದ್ದಳು. ಕದಿರಮ್ಮ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಸೊಟ್ಟ ಅಂಟಿಸ್ತಿದ್ದೀಯ. ಕೊಡಿಲ್ಲಿ," ಅಂದಳು. ಕಿತ್ತುಕೊಂಡು ಕೂತಳು. ಸಂಜೆಯವರೆಗೂ ಅಂಟಿಸಿದಳು.

ನಿಮ್ಮ ಹತ್ತಿರ ಆ ಪುಸ್ತಕವಿದ್ದರೆ ದಯವಿಟ್ಟು ಪ್ರೆಸ್ಸಿಗೆ ತನ್ನಿ. ಶನಿವಾರ ಮಧ್ಯಾಹ್ನದ ಮೇಲೆ ಕದಿರಮ್ಮ ಇರುತ್ತಾಳೆ, ಅವಳ ಕೈಲೇ ಅಂಟಿಸಿಕೊಳ್ಳಿ. ನನ್ನ ಮುನ್ನುಡಿಯ ನಾಲ್ಕು ಪುಟ ಹರಿದು ಹಾಕಬೇಕು ಅನ್ನಿಸಿದರೆ ಅದಕ್ಕೂ ಅಲ್ಲೇ ಕಸದ ಬುಟ್ಟಿ ಇಟ್ಟಿದ್ದೇವೆ.